ಮಿಲ್ಲಿನಲ್ಲಿ ಬೇರೆ ಗ್ಲಾಸು: ದೂರು ಬಂದಾಗ ಮಾಲೀಕರು ಏನು ಮಾಡಬೇಕು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ದಾಲ್ ಮಿಲ್ ಇದೆ, 26 ಜನ ಕೆಲಸಕ್ಕಿದ್ದಾರೆ. ತೊಗರಿ ಹಸನು ಮಾಡುವ ದಲಿತ ಹೆಣ್ಣುಮಗಳೊಬ್ಬಳು, "ನೀರಿಗೆ ನಮಗ ಬ್ಯಾರೆ ಗ್ಲಾಸ್ ಇಟ್ಟಾರ, ಮುಕಾದಮ ಎಲ್ಲಾರ ಮುಂದ ಜಾತಿ ಹಿಡದು ಬೈತಾನ, ದಿನಾ ಧೂಳಿನ ಕೆಲಸಕ್ಕ ನಮ್ಮನ್ನ ಹಚ್ತಾನ" ಎಂದು ಬಾಯಿಮಾತಿನಲ್ಲಿ ಹೇಳಿದ್ದಾಳೆ. ಮುಕಾದಮ (ಕೆಲಸ ಹಂಚುವ ಮೇಸ್ತ್ರಿ) 12 ವರ್ಷದಿಂದ ಇದ್ದಾನೆ, ಎಲ್ಲ ಸುಳ್ಳು ಅನ್ನುತ್ತಾನೆ. ಇಬ್ಬರನ್ನೂ ಎದುರುಬದುರು ಕೂಡಿಸಿ ಹಿರಿಯರ ಮುಂದೆ ಬಗೆಹರಿಸಬಹುದೇ?

ಉತ್ತರ: ಬೇಡ. ನಾಳೆ ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂದು ಹೇಳುವವನ ಎದುರು ಕೂತು ದಿನಗೂಲಿಯವರು ನಿಜ ಹೇಳಲಾರರು. ಅಂಥ ಪಂಚಾಯ್ತಿಯಲ್ಲಿ ಸಿಗುವುದು ಆಕೆಯ ಮೌನ ಮಾತ್ರ.

ಬೇರೆ ಗ್ಲಾಸನ್ನು ಇವತ್ತೇ ತೆಗೆಸಿ. ಅದನ್ನು ಇಟ್ಟವರು ಯಾರೆಂದು ಪತ್ತೆಯಾಗುವವರೆಗೆ ಕಾಯಬೇಡಿ. ತೆಗೆಸುವ ಮೊದಲು ಅದು ಇದ್ದ ಜಾಗದ ಫೋಟೊ ಮಾತ್ರ ತೆಗೆದಿಡಿ. ನಂತರ ದೂರನ್ನು ಅವರ ಮಾತಿನಲ್ಲೇ ಬರೆಸಿ. ಬೈದ ಶಬ್ದವನ್ನು ಹಾಗೆಯೇ ಬರೆಯಬೇಕು. "ಅವಾಚ್ಯ ಶಬ್ದ" ಎಂದು ಮೃದು ಮಾಡಿದರೆ ದೂರಿನ ತಿರುಳೇ ಹೋಗುತ್ತದೆ. ಓದಿ ಹೇಳಿ, ತಾರೀಖು ಹಾಕಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು ಒಂದು ಪ್ರತಿಯನ್ನು ಅವರ ಕೈಗೆ ಕೊಡಿ.

ವಿಚಾರಣೆ ಮುಗಿಯುವವರೆಗೆ ಕೆಲಸ ಹಂಚುವ ಅಧಿಕಾರ ಮುಕಾದಮನ ಕೈಯಲ್ಲಿ ಇರಬಾರದು. ಹೆಚ್ಚಿನ ಮಾಲೀಕರು ತಪ್ಪುವುದು ಇಲ್ಲೇ: "ನಿನ್ನ ಒಳ್ಳೆಯದಕ್ಕೇ" ಎಂದು ದೂರು ಕೊಟ್ಟವರನ್ನೇ ಬೇರೆ ಪಾಳಿಗೆ ಹಾಕುತ್ತಾರೆ, ಇಲ್ಲವೇ ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸುತ್ತಾರೆ. ಅದು ಶಿಕ್ಷೆ. ಮುಂದಿನ ಆರು ತಿಂಗಳು ಅವರ ಹಾಜರಿ, ಕೂಲಿ ಕಡಿಮೆಯಾಗಿದೆಯೇ ಎಂದು ನೀವೇ ಪುಸ್ತಕ ನೋಡಿ.

ಮುಕಾದಮನಿಗೂ ಆರೋಪವನ್ನು ಬರಹದಲ್ಲಿ ಕೊಟ್ಟು ಉತ್ತರಕ್ಕೆ ಒಂದು ವಾರ ಕೊಡಿ. ಕೇಳುವವರಲ್ಲಿ ಒಬ್ಬ ಮಹಿಳೆ ಇರಲಿ, ಅವನ ನೆಂಟರು ಯಾರೂ ಬೇಡ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯಿರಿ. ಮೂರು ತಿಂಗಳ ಹಾಜರಿ ಪುಸ್ತಕ ಬಿಚ್ಚಿ, ಧೂಳಿನ ಕೆಲಸ ಯಾರಿಗೆ ಎಷ್ಟು ದಿನ ಬಿದ್ದಿದೆ ಎಂದು ಎಣಿಸಿ. ಆ ಲೆಕ್ಕಕ್ಕೆ ಯಾರ ಹೆದರಿಕೆಯೂ ಇಲ್ಲ.

ಬೈದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ, ಎಲ್ಲರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ: 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. 2018ರ ತಿದ್ದುಪಡಿಯ ಪ್ರಕಾರ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆಯೂ ಬೇಕಿಲ್ಲ. ನಿಮ್ಮ ವಿಚಾರಣೆ ಮುಗಿಯಲಿ ಎಂದು ಆಕೆ ಪೊಲೀಸ್ ಠಾಣೆಗೆ ಹೋಗುವುದನ್ನು ತಡೆಯಬೇಡಿ. ಸಹಾಯವಾಣಿ 14566 ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ ಎಂದು ನೀವೇ ತಿಳಿಸಿ.

20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸಮನಾದ ಸಂಖ್ಯೆಯಲ್ಲಿರಬೇಕು. ನಿಮ್ಮಲ್ಲಿ 26 ಜನ. ಇಲ್ಲದಿದ್ದರೆ ಈಗಲೇ ರಚಿಸಿ.

ಪ್ರಶ್ನೆ: ಬೀದರಿನ ಅಂಗಡಿಯೊಂದರಲ್ಲಿ 7 ಜನ ಕೆಲಸ ಮಾಡುತ್ತೇವೆ. ಲೈಂಗಿಕ ಕಿರುಕುಳದ ದೂರು ಮಾಲೀಕರ ಮೇಲೆಯೇ ಇದ್ದರೆ?

ಉತ್ತರ: ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ, 10ಕ್ಕಿಂತ ಕಡಿಮೆ ಜನರಿದ್ದಲ್ಲಿ ಅಥವಾ ದೂರು ಮಾಲೀಕರ ಮೇಲೇ ಇದ್ದಾಗ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ವಿಳಾಸವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಕೊಡಿ. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ.