ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿದ್ದ ಕಂಪನಿ ಬಸ್ ನಿಲ್ಲಿಸಿ ಒಪ್ಪಿಗೆ ಪತ್ರ ಕೇಳುತ್ತಿದ್ದಾರೆ, ಸಹಿ ಹಾಕಬೇಕಾ?

ಸಹಿ ಹಾಕಬೇಡಿ. ಉಳಿದದ್ದೆಲ್ಲ ಆಮೇಲೆ.

ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ. ಮನೆ ಹಳೇ ಹುಬ್ಬಳ್ಳಿಯಲ್ಲಿ. ಕೆಲಸ ಧಾರವಾಡ ದಾಟಿ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಮಷಿನ್ ಆಪರೇಟರ್. ಹುಬ್ಬಳ್ಳಿಯಿಂದ ಹೋಗಿ ಬರಲು ಕಂಪನಿ ಬಸ್ ಉಚಿತ ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ಇದೆ. ಹೋದ ತಿಂಗಳು ಬಸ್ ನಿಲ್ಲಿಸಿದರು. ಕೇಳಿದರೆ ಎಚ್‌ಆರ್ ಅವರು "ಚಿಗರಿ ಐತಿ, ಹೆಣ್ಣುಮಕ್ಕಳಿಗೆ ಬಸ್ ಫ್ರೀ ಐತಿ, ಕಂಪನಿ ಬಸ್ ಯಾಕ್ ಬೇಕ್ರಿ ಅಕ್ಕಾರ? ಎಲ್ಲಾರೂ ಸಹಿ ಹಾಕ್ಯಾರ, ನೀವೂ ಹಾಕ್ರಿ" ಅಂದರು. ಚಿಗರಿ ಅಂದರೆ ಹುಬ್ಬಳ್ಳಿ, ಧಾರವಾಡ ನಡುವೆ ಓಡುವ ಸಾರಿಗೆ ಬಸ್. ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತೂವರೆಗೆ.

ಮೊದಲು ಆ ಫ್ರೀ ಬಸ್ಸಿನ ಮಾತು. ನನಗೆ ಸಿಟ್ಟು ಬಂದದ್ದೇ ಅಲ್ಲಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಕೊಟ್ಟದ್ದು. ಅದರ ದುಡ್ಡು ಜನರ ತೆರಿಗೆಯದು. ನಿಮಗೆ ಬಸ್ ಕೊಡುತ್ತೇವೆ ಅಂತ ಬರೆದುಕೊಟ್ಟದ್ದು ಕಂಪನಿ. ಸರ್ಕಾರ ಕೊಟ್ಟಿತು ಅಂತ ಕಂಪನಿ ತನ್ನ ಮಾತು ಹಿಂದಕ್ಕೆ ತಗೊಳ್ಳುವುದು ಯಾವ ನ್ಯಾಯ? ಮೇಲಾಗಿ ಚಿಗರಿ ಬಸ್ಸು ಧಾರವಾಡದ ತನಕ ಮಾತ್ರ. ಅಲ್ಲಿಂದ ಬೆಳಗಾವಿ ರಸ್ತೆಯಲ್ಲಿ ಇನ್ನೂ ಎಷ್ಟೋ ದೂರ ಹೋಗಬೇಕು. ರಾತ್ರಿ ಹತ್ತೂವರೆಗೆ ಆ ಹೈವೇ ಬದಿಯಲ್ಲಿ ಒಬ್ಬಳೇ ನಿಂತು ಬಸ್ ಕಾಯಿ ಅಂತ ಯಾರಾದರೂ ತಮ್ಮ ಮನೆಯ ಮಗಳಿಗೆ ಹೇಳುತ್ತಾರಾ?

ಇನ್ನು ಕಾಯ್ದೆಗೆ ಬರೋಣ. ನಾನು ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದವನು, ಯೂನಿಯನ್ ಕಮಿಟಿಯಲ್ಲಿದ್ದವನು. ವಕೀಲನಲ್ಲ. ಆದರೆ ಈ ಕಲಂ ನಮ್ಮಂಥವರ ಬಾಯಲ್ಲೇ ಇರುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು 9ಎ ಆಗಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ 40ನೇ ಕಲಂ. ಎರಡರಲ್ಲೂ ತಿರುಳು ಒಂದೇ. ಭತ್ಯೆ, ಪಾಳಿ, ರೂಢಿಯಲ್ಲಿದ್ದ ಸೌಲಭ್ಯ, ಇಂಥವುಗಳಲ್ಲಿ ಕಾರ್ಮಿಕರಿಗೆ ನಷ್ಟವಾಗುವ ಬದಲಾವಣೆ ಮಾಡಬೇಕಾದರೆ ಮಾಲೀಕರು ಮೊದಲು ನೋಟಿಸ್ ಕೊಡಬೇಕು, ಕೊಟ್ಟು 21 ದಿನ ಕಾಯಬೇಕು. ಗೇಟಿನಲ್ಲಿ ಸೆಕ್ಯುರಿಟಿಯವನು "ನಾಳೆಯಿಂದ ಬಸ್ ಇಲ್ಲ" ಅಂದರೆ ಅದು ನೋಟಿಸ್ ಆಗುವುದಿಲ್ಲ.

ಇದು ಬರೀ ಪುಸ್ತಕದ ಮಾತು ಅಂದುಕೊಳ್ಳಬೇಡಿ. ಇಂಡಿಯನ್ ಆಯಿಲ್ ಕಂಪನಿ ಅಸ್ಸಾಂನಲ್ಲಿ ಕೆಲಸಗಾರರಿಗೆ ಕೊಡುತ್ತಿದ್ದ ಪರಿಹಾರ ಭತ್ಯೆಯನ್ನು ನೋಟಿಸ್ ಇಲ್ಲದೆ ನಿಲ್ಲಿಸಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಏಕಪಕ್ಷೀಯವಾಗಿ ನಿಲ್ಲಿಸುವಂತಿಲ್ಲ ಅಂತ ಕಾರ್ಮಿಕರ ಪರ ತೀರ್ಪು ಕೊಟ್ಟಿತು. ನಿಮ್ಮದು ಇನ್ನೂ ಗಟ್ಟಿ, ಯಾಕಂದರೆ ಬಸ್ಸಿನ ಮಾತು ಲೆಟರ್‌ನಲ್ಲೇ ಅಚ್ಚಾಗಿದೆ. ಅದೇ ಲೆಟರ್‌ನ ಕೊನೆಗೆ "ಸೌಲಭ್ಯಗಳನ್ನು ಬದಲಿಸುವ ಹಕ್ಕು ಕಂಪನಿಗಿದೆ" ಅಂತ ಒಂದು ಸಾಲು ಇದ್ದರೂ ಹೆದರಬೇಡಿ. ಆ ಸಾಲು ತೋರಿಸಿ ಕಾಯ್ದೆಯ ನೋಟಿಸನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದು ವಿಷಯ ವಿಚಾರಿಸಿಕೊಳ್ಳಿ. ನಿಮ್ಮಲ್ಲಿ ಯೂನಿಯನ್ ಇದ್ದು, ಅದು ಬಸ್ ಬದಲು ಭತ್ಯೆ ಅಂತ ಒಪ್ಪಂದ ಮಾಡಿಕೊಂಡಿದ್ದರೆ ಬೇರೆ ನೋಟಿಸ್ ಬೇಕಿಲ್ಲ. ಅದಿಲ್ಲದಿದ್ದರೆ ಎಚ್‌ಆರ್ ನಿಮ್ಮ ಸಹಿಗೆ ಇಷ್ಟು ಅವಸರ ಮಾಡುವುದು ಯಾಕೆ ಅಂತ ತಿಳಿಯುತ್ತದೆ. ಸಹಿ ಬಿದ್ದರೆ ನಾಳೆ "ಅವರೇ ಒಪ್ಪಿದ್ದಾರೆ" ಅಂತ ತೋರಿಸಲು ಕಾಗದ ಸಿಕ್ಕಿತಲ್ಲ.

ಹಾಗಂತ ಸುಮ್ನೆ ಇರಬೇಡಿ. ತಿಂಗಳುಗಟ್ಟಲೆ ಏನೂ ಅನ್ನದೆ ಸ್ವಂತ ಖರ್ಚಿನಲ್ಲಿ ಬಂದರೆ ಅದನ್ನೂ ಒಪ್ಪಿಗೆ ಅಂತ ವಾದಿಸುತ್ತಾರೆ. ಬಸ್ ಇಲ್ಲ ಅಂತ ಕೆಲಸಕ್ಕೆ ತಪ್ಪಿಸಲೂ ಬೇಡಿ. ಗೈರುಹಾಜರಿ ಅಂತ ಮೆಮೊ ಕೊಟ್ಟರೆ ಮಾತು ಬಸ್ಸಿನಿಂದ ನಿಮ್ಮ ನಡತೆಗೆ ತಿರುಗುತ್ತದೆ. ಕೆಲಸಕ್ಕೆ ಹೋಗುತ್ತಲೇ ಒಂದು ಪತ್ರ ಕೊಡಿ. ಉದ್ದ ಬೇಡ. "ನೇಮಕಾತಿ ಪತ್ರದ ಇಂಥ ಷರತ್ತಿನ ಪ್ರಕಾರ ಇರುವ ಬಸ್ ಸೌಲಭ್ಯವನ್ನು ಇಂಥ ದಿನದಿಂದ ನಿಲ್ಲಿಸಿದ್ದೀರಿ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಮತ್ತೆ ಶುರು ಮಾಡಬೇಕು, ಅಲ್ಲಿಯವರೆಗಿನ ಖರ್ಚು ಕೊಡಬೇಕು" ಅಂತ ಬರೆದರೆ ಸಾಕು. ಇನ್ನೊಂದು ಪ್ರತಿಯ ಮೇಲೆ ಮುಟ್ಟಿತು ಅಂತ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬಸ್ ಟಿಕೆಟ್, ಆಟೊಕ್ಕೆ ಫೋನ್‌ಪೇ ಮಾಡಿದ್ದು, ಎಲ್ಲ ಜೋಪಾನ. ದುಡ್ಡಿನಲ್ಲಿ ಲೆಕ್ಕ ಹಾಕಬಹುದಾದ ಸೌಲಭ್ಯದ ಬಾಕಿಯನ್ನು ವಸೂಲಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ದಾರಿ ಇದೆ, ಆಗ ಇವು ಬೇಕು.

ಆದಷ್ಟು ಮಟ್ಟಿಗೆ ಒಬ್ಬರೇ ಹೋಗಬೇಡಿ. ಕೆಲಸದಿಂದ ತೆಗೆದರೆ ಒಬ್ಬರೇ ವಿವಾದ ಎತ್ತಬಹುದು. ಬಸ್, ಭತ್ಯೆಯಂಥ ವಿಷಯಕ್ಕೆ ಯೂನಿಯನ್ನೋ, ಒಂದಷ್ಟು ಜನ ಕಾರ್ಮಿಕರೋ ಬೆನ್ನಿಗಿದ್ದರೇ ಅದು ಕೈಗಾರಿಕಾ ವಿವಾದ ಆಗುವುದು. ಅದೇ ಬಸ್ಸಿನಲ್ಲಿ ಬರುತ್ತಿದ್ದವರು ಎಲ್ಲರೂ ನಿಜವಾಗಿ ಸಹಿ ಹಾಕಿದ್ದಾರಾ? ಅವರನ್ನೇ ಕೇಳಿ. ನನ್ನ ಅನುಭವದಲ್ಲಿ "ಎಲ್ಲಾರೂ ಹಾಕ್ಯಾರ" ಅನ್ನುವುದು ಬಹಳ ಸಲ ಸುಳ್ಳೇ. ಒಟ್ಟಿಗೆ ಬರೆದು ಹುಬ್ಬಳ್ಳಿಯ ಕಾರ್ಮಿಕ ಇಲಾಖೆ ಕಚೇರಿಗೆ ಕೊಡಿ. ಅವರು ಎರಡೂ ಕಡೆಯವರನ್ನು ಕರೆದು ಸಂಧಾನ ಮಾಡುತ್ತಾರೆ. ಸಂಧಾನ ನಡೆಯುವಾಗ ಆ ವಿಷಯದಲ್ಲಿ ಸೇವಾ ಷರತ್ತನ್ನು ಇನ್ನಷ್ಟು ಕೆಡಿಸುವಂತಿಲ್ಲ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿಯೂ ಇರಬೇಕು. ಅಲ್ಲಿಗೆ ಮಾತ್ರ ಒಬ್ಬರೇ ಅರ್ಜಿ ಕೊಡಬಹುದು.

ಕಂಪನಿ ಈಗ ಎಚ್ಚೆತ್ತು ಸರಿಯಾದ ನೋಟಿಸ್ ಕೊಟ್ಟರೆ ಏನು? 21 ದಿನ ಅಂದರೆ ನೀವು ವಿವಾದ ಎತ್ತಲು ಸಿಗುವ ಸಮಯ. ಸುಮ್ಮನಿದ್ದರೆ ಬದಲಾವಣೆ ಜಾರಿಯಾಗುತ್ತದೆ.

ಬಹುಶಃ ಸಂಧಾನದಲ್ಲಿ "ತಿಂಗಳಿಗೆ ಇಷ್ಟು ಭತ್ಯೆ ಕೊಡುತ್ತೇವೆ" ಅನ್ನುತ್ತಾರೆ. ಇಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಬಸ್ಸನ್ನೇ ಕೇಳಿ. ನಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನ್ ಊಟ ನಿಲ್ಲಿಸಿ ಊಟದ ಭತ್ಯೆ ಅಂತ ಮಾಡಿದರು. ಮೊದಲ ವರ್ಷ ಎಲ್ಲರಿಗೂ ಲಾಭ ಅನ್ನಿಸಿತು. ಜೋಳ, ಎಣ್ಣೆ, ಬೇಳೆ ರೇಟು ಏರುತ್ತಾ ಹೋಯಿತು, ಭತ್ಯೆ ಇದ್ದಲ್ಲೇ ಇತ್ತು. ಹೊಸದಾಗಿ ಸೇರಿದ ಹುಡುಗರಿಗೆ ಅದೂ ಸಿಗಲಿಲ್ಲ, ಮಧ್ಯಾಹ್ನ ಬರೀ ಚಹಾ ಕುಡಿದು ಮಷಿನ್ ಮುಂದೆ ನಿಲ್ಲುವವರನ್ನು ನಾನೇ ನೋಡಿದ್ದೇನೆ. ಬಸ್ಸಾದರೆ ಡೀಸೆಲ್ ಏರಿದರೂ ಭಾರ ಕಂಪನಿಯದು. ಭತ್ಯೆ ತಗೊಂಡರೆ ಭಾರ ನಿಮ್ಮದು. 2025ರ ಜನವರಿಯಲ್ಲಿ ಸಾರಿಗೆ ಬಸ್ ದರ ಒಮ್ಮೆಗೇ ಶೇ 15 ಏರಿತಲ್ಲ, ನಿಮ್ಮ ಜೊತೆಗಿನ ಗಂಡಸರಿಗೆ ಆ ಪೆಟ್ಟು ನೇರ ಬೀಳುತ್ತದೆ. ಭತ್ಯೆಗೇ ಒಪ್ಪಬೇಕಾದರೆ ದರ ಏರಿದಂತೆ ಅದೂ ಏರಬೇಕು, ಹೊಸಬರಿಗೂ ಸಿಗಬೇಕು ಅಂತ ಒಪ್ಪಂದದಲ್ಲೇ ಬರೆಸಿ.

ರಾತ್ರಿ ಪಾಳಿಯ ವಿಷಯದಲ್ಲಂತೂ ಭತ್ಯೆಯ ಮಾತಿಗೇ ಹೋಗಬೇಡಿ. ಸಂಜೆ 7ರ ನಂತರ ಹೆಣ್ಣುಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಿಕೊಳ್ಳಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಹೊಣೆ ಕಂಪನಿಯದು. ಕರ್ನಾಟಕ 2019ರಲ್ಲಿ ಇದಕ್ಕೆ ಅನುಮತಿ ಕೊಟ್ಟಾಗಲೇ ವಾಹನ ಒದಗಿಸುವ ಷರತ್ತು ಹಾಕಿತ್ತು. ಇದನ್ನು ಪತ್ರದಲ್ಲಿ ಬೇರೆಯೇ ಪ್ಯಾರಾ ಮಾಡಿ ಬರೆಯಿರಿ, ಒಂದು ಪ್ರತಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಹೋಗಲಿ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವು ಇದೆ. ನೀವು ಎರಡೂ ಲೆಕ್ಕದಲ್ಲಿ ಬರುತ್ತೀರಿ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುವಾಗ ಅಪಾಯಿಂಟ್‌ಮೆಂಟ್ ಲೆಟರ್, ಪಗಾರ ಚೀಟಿ, ಎಚ್‌ಆರ್ ಕೊಟ್ಟ ಆ ಒಪ್ಪಿಗೆ ಪತ್ರ, ಮೂರನ್ನೂ ತಗೊಂಡು ಹೋಗಿ. ಒಪ್ಪಿಗೆ ಪತ್ರ ವಾಪಸ್ ಕೇಳಿದರೆ ಕೊಡುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.