ಕಾಣದ ಮಿಷನ್ನೇ ಬೇಕು ಎನ್ನುವವರಿಗೆ

ಪ್ರಶ್ನೆ: ಕುಮಟಾದಲ್ಲಿರುವ ನನ್ನ ತಂದೆಯವರಿಗೆ 71 ವರ್ಷ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಜೋಮು ಹಿಡಿದಂತಿರುತ್ತವೆ. ಶ್ರವಣ ಪರೀಕ್ಷೆಯಲ್ಲಿ ಎರಡೂ ಕಿವಿಗಳಿಗೆ 500 ಹರ್ಟ್ಸ್‌ನಲ್ಲಿ 25, 1000ದಲ್ಲಿ 35, 2000ದಲ್ಲಿ 50, 4000ದಲ್ಲಿ 65 ಡೆಸಿಬೆಲ್ ಬಂದಿದೆ. ಕೇಳಲು ನೆರವಾಗುವ ಶ್ರವಣ ಮಿಷನ್ (ಹಿಯರಿಂಗ್ ಏಡ್) ಕೊಳ್ಳಲು ಹೋದರೆ, ಕಿವಿಯ ಹಿಂದೆ ಹಾಕುವುದು ಹಳೆಯ ಕಾಲದ್ದು, ಕಿವಿಯೊಳಗೆ ಪೂರ್ತಿ ಅಡಗುವುದೇ ಹೊಸದು ಎಂದು ಅಂಗಡಿಯವರು ಹೇಳಿದರು. ತಂದೆಯವರಿಗೂ ಅದೇ ಬೇಕಂತೆ. ಯಾವುದನ್ನು ಕೊಳ್ಳಲಿ?

ಉತ್ತರ: ಊರಿನ ಹೆಸರನ್ನು ಬದಲಿಸಿ ಇದೇ ಪ್ರಶ್ನೆ ನನಗೆ ಪ್ರತಿ ತಿಂಗಳೂ ಬರುತ್ತದೆ. ಆದರೆ ನೀವು ಪರೀಕ್ಷೆಯ ಅಂಕಿಗಳನ್ನು ಬರೆದು ಕಳುಹಿಸಿದ್ದೀರಿ. ಉಳಿದವರು ಬೆಲೆಯನ್ನು ಮಾತ್ರ ಬರೆಯುತ್ತಾರೆ. ಆದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ.

ಹರ್ಟ್ಸ್ ಹೆಚ್ಚಿದಷ್ಟೂ ಸ್ವರ ಕೀರಲು, ಡೆಸಿಬೆಲ್ ಹೆಚ್ಚಿದಷ್ಟೂ ಕೇಳುವುದು ಕಡಿಮೆ ಎಂದು ಆ ಅಂಕಿಗಳನ್ನು ಓದಬೇಕು. ನಿಮ್ಮ ತಂದೆಯವರಿಗೆ ತಗ್ಗು ಸ್ವರಗಳು ಹೆಚ್ಚುಕಡಿಮೆ ಸರಿಯಾಗಿಯೇ ಕೇಳಿಸುತ್ತಿವೆ. ಹೋಗಿರುವುದು ಮೇಲಿನ ಕಂಪನಗಳು, ಎಂದರೆ ಕೀರಲು ಸ್ವರಗಳು. ಹಾಗಾಗಿ ಯಾರೋ ಮಾತನಾಡುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಾಗುತ್ತದೆ, ಏನು ಹೇಳಿದರು ಎಂಬುದು ಗೊತ್ತಾಗುವುದಿಲ್ಲ: ಸರ, ಕರ, ಪರ, ಶರ ಎಂಬ ನಾಲ್ಕು ಪದಗಳೂ ಬೆನ್ನ ಹಿಂದಿನಿಂದ ಹೇಳಿದರೆ ಒಂದೇ ಆಗಿಬಿಡಬಹುದು. ಇಂಥ ಕಿವಿಗೆ ಮೇಲಿನ ಕಂಪನಗಳನ್ನಷ್ಟೇ ಹೆಚ್ಚಿಸಿ, ತಗ್ಗಿನವು ತಾವಾಗಿಯೇ ಒಳಗೆ ಬಂದು ಹೋಗುವಂತೆ ಕಿವಿಯ ದಾರಿಯನ್ನು ತೆರೆದಿಡುವ ಸಾಧನ ಬೇಕು. ಪೂರ್ತಿ ಒಳಗೆ ಅಡಗುವ ಮಿಷನ್ ಮಾಡುವುದು ಇದಕ್ಕೆ ವಿರುದ್ಧವಾದದ್ದನ್ನು; ಅದು ದಾರಿಗೆ ಬಿರಡೆಯಂತೆ ಕೂರುತ್ತದೆ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು 'ಈ' ಎಂದು ಎಳೆದು ನೋಡಿ. ಹಂಡೆಯೊಳಗೆ ತಲೆಯಿಟ್ಟು ಕೂಗಿದಂತೆ ಕೇಳುವ ಆ ಸದ್ದು, ನಿಮ್ಮದೇ ಧ್ವನಿಯ ಕಂಪನ ಮೂಳೆ ಮೃದ್ವಸ್ಥಿಗಳ ಮೂಲಕ ಕಿವಿಯ ನಾಳಕ್ಕೆ ಬಂದು, ಹೊರಗೆ ಹೋಗಲಾರದೆ ಅಲ್ಲೇ ಸಿಕ್ಕಿಕೊಂಡದ್ದರ ಫಲ. ಗಾಳಿ ಆಡಲು ಮಿಷನ್ನಿಗೆ ರಂಧ್ರ ಕೊರೆಯುತ್ತೇವೆ ಎಂದು ಅಂಗಡಿಯವರು ಹೇಳುತ್ತಾರೆ; ಅಷ್ಟು ಚಿಕ್ಕ ಚಿಪ್ಪಿನಲ್ಲಿ ಕೊರೆಯಲು ಸ್ಥಳವೇ ಹೆಚ್ಚಿಲ್ಲ.

ಹಿಂದೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರ ಹಠಕ್ಕೆ ನಾನೂ ಸೋತು, ಇಂಥದೇ ಕಿವಿಗೆ ಇಂಥದೇ ಮಿಷನ್ ಮಾಡಿಸಿಕೊಟ್ಟಿದ್ದೆ. ಮೂರು ವಾರಗಳ ನಂತರ ಅವರು ಅದನ್ನು ಕುಂಕುಮದ ಭರಣಿಯಲ್ಲಿ ಹಾಕಿಕೊಂಡು ಬಂದು, ಚಕ್ಕುಲಿ ತಿನ್ನುವಾಗ ಮನೆಯವರ ಮಾತಿಗಿಂತ ಚಕ್ಕುಲಿಯ ಸದ್ದೇ ಜೋರಾಗಿ ಕೇಳುತ್ತದೆ ಎಂದು ನನ್ನ ಮೇಜಿನ ಮೇಲಿಟ್ಟರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಈ ವಿಷಯದಲ್ಲಿ ನಾನು ಹಠಮಾರಿಗಳಿಗಿಂತ ಹಠಮಾರಿಯಾಗಿದ್ದೇನೆ.

ಇನ್ನು ಬೆರಳುಗಳ ವಿಷಯ. ಅಡಗುವ ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ, ಹಳದಿ ಪಟ್ಟಿ ಅಂಟಿಸಿದ 10ನೆಯ ಸಂಖ್ಯೆಯ ಬ್ಯಾಟರಿಯ ಅಗಲ ಸುಮಾರು 6 ಮಿಲಿಮೀಟರ್, ಎಂದರೆ ಒಂದು ದಪ್ಪ ಕಾಳುಮೆಣಸಿನಷ್ಟು. ಕೆಲವೇ ದಿನಗಳಿಗೊಮ್ಮೆ ಅದನ್ನು ಬದಲಿಸಬೇಕು. ಜೋಮು ಹಿಡಿದ ಬೆರಳಿನಿಂದ ಆ ಪಟ್ಟಿಯನ್ನು ಸುಲಿದು, ಸರಿಯಾದ ಮುಖ ಮೇಲೆ ಮಾಡಿ ಕೂರಿಸಲು ನಿಮ್ಮ ತಂದೆಯವರಿಗೆ ಸಾಧ್ಯವೇ ಎಂದು ಅಂಗಡಿಯವರು ಕೇಳಿದರೇ? ಕೊಳ್ಳುವ ಮೊದಲು ತಂದೆಯವರಿಂದಲೇ, ನೀವು ಕೈ ಹಾಕದೆ, ಮೂರು ಸಲ ಮಾಡಿಸಿ ನೋಡಿ.

ಕುಮಟಾದ ಉಪ್ಪುಗಾಳಿ, ಮಳೆಗಾಲದ ತೇವ, ಬೆವರು ಯಾವ ಮಿಷನ್‌ಗೂ ಒಳ್ಳೆಯದಲ್ಲ. ಆದರೆ ಒಳಗೆ ಅಡಗುವ ಮಿಷನ್‌ನಲ್ಲಿ ಎಲ್ಲ ಭಾಗಗಳೂ ಕಿವಿಯ ಗುಗ್ಗೆಯ ಪಕ್ಕದಲ್ಲೇ ಇರುತ್ತವೆ. ಕೆಟ್ಟರೆ ಇಡೀ ಮಿಷನ್ ದುರಸ್ತಿಗೆ ಹೋಗುತ್ತದೆ, ಅಲ್ಲಿಯವರೆಗೆ ಕಿವಿ ಬರಿದು.

ಆದ್ದರಿಂದ ನನ್ನ ಸಲಹೆ ಇಷ್ಟು: ಕಿವಿಯ ಹಿಂದೆ ಚಿಕ್ಕದೊಂದು ಭಾಗ ಕೂತು, ತೆಳ್ಳನೆಯ ತಂತಿಯ ತುದಿಯಲ್ಲಿರುವ ಸ್ಪೀಕರ್ ಮಾತ್ರ ಒಳಗೆ ಹೋಗುವ, ಆರ್‌ಐಸಿ ಎಂದು ಕರೆಯುವ ಮಾದರಿಯನ್ನು ಸ್ಪೀಕರಿನ ತುದಿಗೆ ಹಾಕುವ, ತೂತುಗಳಿರುವ ಮೆತ್ತನೆಯ ತೆರೆದ ಗುಮ್ಮಟದೊಂದಿಗೆ (ಡೋಮ್), ಎರಡೂ ಕಿವಿಗಳಿಗೆ, ಚಾರ್ಜ್ ಮಾಡುವಂಥದ್ದನ್ನು ತೆಗೆದುಕೊಳ್ಳಿ. ಹಿಂದೆ ಮುಂದೆ ಎರಡು ಮೈಕ್ರೊಫೋನ್‌ಗಳಿಗೆ ಅದರಲ್ಲಿ ಜಾಗವಿರುವುದರಿಂದ ಮದುವೆ ಮನೆಯ ಗದ್ದಲದಲ್ಲಿ ಎದುರಿನವರ ಮಾತು ಹಿಡಿಯಲು ಸಹಾಯವಾಗುತ್ತದೆ. ಸ್ಪೀಕರ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಿವಿಯ ಅಚ್ಚು ತೆಗೆದು ಕಾಯುವ ಗೋಜಿಲ್ಲದೆ ಅದೇ ದಿನ ಹಾಕಿಕೊಂಡು ನೋಡಬಹುದು. ಒಂದು ವಾರ ಮನೆಯಲ್ಲಿ ಬಳಸಲು ಕೊಡದವರ ಬಳಿ ಕೊಳ್ಳಬೇಡಿ. ಕೂದಲ ಬಣ್ಣದ್ದನ್ನೇ ಆರಿಸಿದರೆ ಯಾರಿಗೂ ಅದು ಕಾಣುವುದಿಲ್ಲ, ಆದರೆ ಪ್ರತಿ ಮಾತಿಗೂ "ಆಂ?" ಎನ್ನುವುದು ಊರಿಗೆಲ್ಲ ಕಾಣುತ್ತದೆ ಎಂದು ತಂದೆಯವರಿಗೆ ನನ್ನ ಹೆಸರಿನಲ್ಲೇ ಹೇಳಿ.

ಮಿಷನ್ ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಶ್ರವಣತಜ್ಞರೇ ಎಂದು ಕೇಳಲು ಸಂಕೋಚಪಡಬೇಡಿ. ಅನುಮಾನವಿದ್ದರೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ.

ಉಳಿದ ಪತ್ರಗಳು. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಗುವ ಮಿಷನ್ ಆದೀತೇ ಎಂದವರಿಗೆ: ಅದು ಸಾಮಾನ್ಯವಾಗಿ ಎಲ್ಲ ಸದ್ದನ್ನೂ ಒಂದೇ ಸಮನೆ ಜೋರು ಮಾಡುವ ಪೆಟ್ಟಿಗೆ, ಬೇಡ.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಹಾಕಿದರೆ ನರ ಚುರುಕಾಗುತ್ತದೆ ಎಂದು ಹೇಳಿದ ನಾಟಿ ವೈದ್ಯರಿಗೆ: ಎಣ್ಣೆ ಕಿವಿಯ ತಮಟೆಯವರೆಗೆ ಮಾತ್ರ ಹೋಗುತ್ತದೆ, ನರ ಇರುವುದು ಅದರಾಚೆ, ತಮಟೆಯಲ್ಲಿ ತೂತಿದ್ದವರಿಗೆ ನೀವು ಮಾಡುವ ಹಾನಿಯನ್ನು ಸರಿಪಡಿಸುವವರು ಬೇರೆಯವರು.

ಸೋಮವಾರ ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾಯಿತು, ಯಾವ ಮಿಷನ್ ಒಳ್ಳೆಯದು ಎಂದು ಬರೆದವರಿಗೆ: ನಿಮಗೆ ಬೇಕಾದದ್ದು ಮಿಷನ್ ಅಲ್ಲ, ಅಂದೇ ಇಎನ್‌ಟಿ ವೈದ್ಯರು. ಇಂಥ ಸಂದರ್ಭದಲ್ಲಿ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಆರಂಭವಾಗಬೇಕು; ಪತ್ರ ಬರೆದು ನನ್ನ ಉತ್ತರಕ್ಕೆ ಕಾಯುತ್ತಿದ್ದೀರಾದರೆ, ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೊರಡಿ.