ಓದುಗರ ಪ್ರಶ್ನೆ: ಥಲಸೇಮಿಯ ಮಗುವಿಗೆ ಯಾವ ಕಾರ್ಡು ಎಲ್ಲಿವರೆಗೆ?

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ಥಲಸೇಮಿಯ ಮೇಜರ್. ನಾನು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದೇನೆ. ಆಯುಷ್ಮಾನ್ ಕಾರ್ಡಿನಲ್ಲಿ 5 ಲಕ್ಷ ಉಚಿತ ಅಂತಾರೆ, ಆದರೂ ಮಾತ್ರೆಗೆ ತಿಂಗಳಾ ಕೈಯಿಂದಲೇ ಹೋಗ್ತಿದೆ. ಯಾಕೆ? ಮಗು ಉಳಿದೀತೇ?
— ಓದುಗರು, ಸಿಂಧನೂರು

ಉತ್ತರ: ಆ 5 ಲಕ್ಷ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಹುಟ್ಟಿನಿಂದ ಬಂದ ಕಾಯಿಲೆ ಎಂಬ ತಕರಾರು ಅಲ್ಲಿಲ್ಲ, ಅಷ್ಟು ಅನುಕೂಲ. ಹೊರರೋಗಿ ಚೀಟಿಯ ಮಾತ್ರೆ ಮಾತ್ರ ಅದರಲ್ಲಿ ಬರುವುದಿಲ್ಲ. ಮಗನ ಆಯುಷ್ಯ ನಿಂತಿರುವುದೋ ಆ ಮಾತ್ರೆಯ ಮೇಲೆ.

ಥಲಸೇಮಿಯ ಮೇಜರ್‌ನಲ್ಲಿ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸುವುದಿಲ್ಲ, ಅದಕ್ಕೇ ಆಗಾಗ ರಕ್ತ ಏರಿಸುವುದು. ಒಂದು ಚೀಲ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ 1–2 ಮಿಲಿಗ್ರಾಂ. ಉಳಿದದ್ದು ಯಕೃತ್ತು, ಹೃದಯದಲ್ಲಿ ಕೂರುತ್ತದೆ. ಮಾತ್ರೆ ಕೊಡುವುದು ಅದನ್ನು ಹೊರಹಾಕಲು. ಈ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ರಕ್ತದ ಕೊರತೆಗಿಂತ ಹೃದಯದಲ್ಲಿ ಕೂತ ಈ ಕಬ್ಬಿಣ. ಚಿಕಿತ್ಸೆ ತಪ್ಪದಿದ್ದರೆ ನಲವತ್ತು ದಾಟಿ, ಮದುವೆ ಮಕ್ಕಳು ಕಂಡವರಿದ್ದಾರೆ.

ಎಡವುವುದು ಎರಡು ಕಡೆ. ಹೆಚ್‌ಬಿ (ಹಿಮೋಗ್ಲೋಬಿನ್) 6ಕ್ಕೆ ಇಳಿಯುವವರೆಗೆ ಕಾಯುತ್ತಾರೆ. ಗುಲ್ಮ ಊದುತ್ತದೆ, ಮುಖದ ಮೂಳೆ ಅಗಲವಾಗುತ್ತದೆ. 9.5ರ ಆಸುಪಾಸಿನಲ್ಲೇ, ಅಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಇನ್ನೊಂದು, ಮಗು 12 ಕಿಲೋ ಇದ್ದಾಗ ಬರೆದ ಮಾತ್ರೆಯ ಪ್ರಮಾಣವೇ 16 ಕಿಲೋ ಆದರೂ ನಡೆದಿರುತ್ತದೆ. ಪ್ರತಿ ಸಲ ತೂಕ ಹಾಕಿಸಿ, ಡೋಸ್ ತಿದ್ದಿಸಿ. ಕಬ್ಬಿಣ ಹೊರಹಾಕುವ ಆ ಮಾತ್ರೆ ನೀರಿನಲ್ಲಿ ಕರಗುವ ಡಿಫೆರಾಸಿರಾಕ್ಸ್ ಆದರೆ ಅರ್ಧ ಲೋಟ ನೀರಿನಲ್ಲಿ ಕಲಕಿ, ಊಟಕ್ಕೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಗೆ ಕುಡಿಸಿ. ತಳದಲ್ಲಿ ಉಳಿದ ಗಸಿಗೂ ಸ್ವಲ್ಪ ನೀರು ಹಾಕಿ ಕುಡಿಸಬೇಕು. ವಾಂತಿಭೇದಿ ಆದರೆ ಅವತ್ತು ಮಾತ್ರೆ ತಡೆದು ಡಾಕ್ಟರಿಗೆ ಫೋನ್ ಮಾಡಿ, ಕಿಡ್ನಿಗೆ ಪೆಟ್ಟು ಬೀಳಬಹುದು, ರಾಯಚೂರಿನ ಬಿಸಿಲಲ್ಲಂತೂ. ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಮೂರು ತಿಂಗಳಿಗೊಮ್ಮೆ ಫೆರಿಟಿನ್ (ಮೈಯಲ್ಲಿ ಕೂತ ಕಬ್ಬಿಣದ ಪರೀಕ್ಷೆ) ಮಾಡಿಸಿ.

ದುಡ್ಡಿಗೆ ದಾರಿ: ಗಿರಣಿಯಲ್ಲಿ 10 ಜನ ಅಥವಾ ಹೆಚ್ಚು ಇದ್ದು ನಿಮ್ಮ ಸಂಬಳ ತಿಂಗಳಿಗೆ 21,000 ಮೀರದಿದ್ದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕೇಳಿ. ನಿಮ್ಮ ಪಾಲು ಸಂಬಳದ ಶೇ 0.75 ಅಷ್ಟೇ; ಮನೆಯವರ ಹೊರರೋಗಿ ಔಷಧಿಯೂ ಅದರಲ್ಲಿ ಬರುತ್ತದೆ. ಮಾಲೀಕರು ಕಟ್ಟುವುದು ಶೇ 3.25, ಮೂಗು ಮುರಿಯುವುದು ಅದಕ್ಕೇ. ಅಲ್ಲಿವರೆಗೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮಕ್ಕಳ ವಿಭಾಗದಲ್ಲಿ ಸರ್ಕಾರಿ ದಾಸ್ತಾನಿನ ಮಾತ್ರೆ ವಿಚಾರಿಸಿ. ಸರ್ಕಾರಿ ರಕ್ತನಿಧಿಯಲ್ಲಿ ಈ ಮಕ್ಕಳಿಗೆ ರಕ್ತ ಉಚಿತ, ಬದಲಿ ದಾನಿ ಕೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಥಲಸೇಮಿಯವೂ ಇದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ.

ಪ್ರಶ್ನೆ: ಖಾಸಗಿ ಪಾಲಿಸಿ ಮಾಡಿಸುವಾಗ ಮಗಳ ಕಾಯಿಲೆ ಹೇಳಬೇಡಿ ಅಂತಾನೆ ಏಜೆಂಟ್.
— ಓದುಗರು, ಬಳ್ಳಾರಿ

ಉತ್ತರ: ಅವನಿಗೆ ಕಮಿಷನ್ ಸಿಗುತ್ತದೆ, ನಿಮಗೆ ಕ್ಲೈಮ್ ಸಿಗುವುದಿಲ್ಲ. ಬರೆದೇ ಮಾಡಿಸಿ. ಪಾಲಿಸಿ ಕೊಟ್ಟರೆ, ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಗರಿಷ್ಠ 36 ತಿಂಗಳು. ಕಂಪನಿಯ ಗುಂಪು ವಿಮೆ ಇದ್ದರೆ ಮೊದಲು ಅದನ್ನು ನೋಡಿ. ಎಷ್ಟೋ ಕಡೆ ಕಾಯುವ ಅವಧಿಯೇ ಇರುವುದಿಲ್ಲ. ರಕ್ತ ಏರಿಸಿಕೊಂಡು ಸಂಜೆಗೆ ಮನೆಗೆ ಬರುವುದು ಡೇ-ಕೇರ್‌ನಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಪ್ರಶ್ನೆ: ಎರಡನೇ ಮಗುವಿಗೂ ಬರುತ್ತಾ?
— ಓದುಗರು, ಕೊಪ್ಪಳ

ಉತ್ತರ: ಗಂಡ ಹೆಂಡತಿ ಇಬ್ಬರೂ ವಾಹಕರಾದರೆ (ತಮಗೆ ಕಾಯಿಲೆ ಇಲ್ಲದೆ ಅದರ ವಂಶವಾಹಿ ಹೊತ್ತವರಾದರೆ) ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಬಸಿರು ನಿಂತ ಕೂಡಲೇ ಡಾಕ್ಟರಿಗೆ ತಿಳಿಸಿ. ಮಗುವಿಗೆ ಕಾಯಿಲೆ ಇದೆಯೇ ಎಂದು ಮಾಸಿನ ಚೂರು ತೆಗೆದು ನೋಡುವ ಪರೀಕ್ಷೆ ಆಗುವುದು 10–12ನೇ ವಾರದ ಹೊತ್ತಿಗೆ.